ಹಿರೇಗುತ್ತಿಯವರಿಗೆ ಹನ್ನೊಂದು, ನಾಯಕರಿಗೆ ಮೂರು

ಧಪ್, ಧಪ್, ಧಧಪ್.

ಹೊನ್ನಾವರದ ಬಂದರು ರಸ್ತೆಯ ಆ ಮಾಳಿಗೆ ಕೋಣೆಯಲ್ಲಿ ಬೆಳಿಗ್ಗೆ ಕಿಟಕಿ ತೆರೆದರೆ ಗಾಳಿಗಿಂತ ಮೊದಲು ಈ ಸದ್ದು ಒಳಗೆ ಬರುತ್ತಿತ್ತು. ಕೆಳಗೆ, ತೆಂಗಿನ ಸಾಲಿನ ಆಚೆ, ಶರಾವತಿಯ ಹಿನ್ನೀರಿನ ಅಂಚಿಗೆ ಸಿಪ್ಪೆ ಕೊಳೆಸುವ ಒಂಬತ್ತು ಹೊಂಡಗಳಿದ್ದವು. ತಿಂಗಳುಗಟ್ಟಲೆ ನೀರಲ್ಲಿ ಮುಳುಗಿ ಮೆತ್ತಗಾದ ತೆಂಗಿನ ಸಿಪ್ಪೆಯನ್ನು ಹೆಂಗಸರು ದಂಡೆಯ ಮೇಲಿಟ್ಟು, ಮರದ ಕೊಡತಿಯಿಂದ ಬಡಿದು ನಾರು ಬಿಡಿಸುತ್ತಿದ್ದರು. ಬೊಮ್ಮಯ್ಯ ನಾಯಕರು ಕಿಟಕಿಯ ಬಳಿ ಕಣ್ಣು ಮುಚ್ಚಿ ನಿಂತು ಆ ಸದ್ದನ್ನು ಎಣಿಸುತ್ತಿದ್ದರು. ಆರು ಕೊಡತಿ. ಅಂದರೆ ಸಣ್ಣಮ್ಮನ ಸೊಸೆ ಇವತ್ತು ಬರಲಿಲ್ಲ. ಏನನ್ನಾದರೂ ಎಣಿಸದೆ ಅವರ ದಿನ ಶುರುವಾಗುತ್ತಿರಲಿಲ್ಲ.

1966ರ ಡಿಸೆಂಬರಿನ ಆ ಮಂಗಳವಾರ ಮಾತ್ರ ಅವರ ಎಣಿಕೆ ಎರಡು ಸಲ ತಪ್ಪಿತು. ಕಿವಿ ಕೊಡತಿಯ ಮೇಲಿದ್ದರೂ ಮನಸ್ಸು ಭಟ್ಕಳದ ದಾರಿಯಲ್ಲಿತ್ತು. ಆ ದಾರಿಯಲ್ಲಿ ಬೆಂಗಳೂರಿನ ಡಾಕ್ಟರ್ ಕಮಲಾಕರರು ಬಸ್ಸಿನಲ್ಲಿ ಬಂದು, ಲಾಂಚಿನಲ್ಲಿ ಹೊಳೆ ದಾಟಿ, ಬೊಮ್ಮಯ್ಯನವರನ್ನು ಅಳೆಯುವವರಿದ್ದರು.

ಅಳೆಯುವುದು ಎಂದರೆ ಎತ್ತರ ತೂಕವಲ್ಲ. ಆನೆಕಾಲು ರೋಗದ ಸೊಳ್ಳೆಗಳನ್ನು ಅಭ್ಯಾಸ ಮಾಡಲು ಇಲಾಖೆ ಕರಾವಳಿಯಲ್ಲಿ ಮೂರು ಕೋಣೆಗಳನ್ನು ಇಟ್ಟಿತ್ತು: ಭಟ್ಕಳದಲ್ಲಿ ಒಂದು, ಹೊನ್ನಾವರದಲ್ಲಿ ಒಂದು, ಕುಮಟೆಯಲ್ಲಿ ಒಂದು. ಇನ್ನು ಒಂದೇ ಸಾಕು ಎಂದು ಯಾರಿಗೋ ಅನಿಸಿತು. ಯಾವ ಕೋಣೆಯ ಸಂಶೋಧಕ ಎಷ್ಟು ಲೇಖನ ಬರೆದಿದ್ದಾನೆ, ಅವನ್ನು ಬೇರೆ ವಿದ್ವಾಂಸರು ಎಷ್ಟು ಸಲ ತಮ್ಮ ಲೇಖನಗಳಲ್ಲಿ ಹೆಸರಿಸಿದ್ದಾರೆ ಎಂದು ಲೆಕ್ಕ ಹಾಕಿ, ಹೆಚ್ಚು ಬಂದದ್ದನ್ನು ಉಳಿಸುವುದು, ಉಳಿದೆರಡನ್ನು ಮುಚ್ಚುವುದು. ಹೊನ್ನಾವರದ್ದು ಮುಚ್ಚಿದರೆ ಸೂಕ್ಷ್ಮದರ್ಶಕ ಭಟ್ಕಳಕ್ಕೂ, ಬೊಮ್ಮಯ್ಯನವರು ಕಾರವಾರದ ಕಚೇರಿಯಲ್ಲಿ ಟಪಾಲು ವಿಂಗಡಿಸಲಿಕ್ಕೂ ಹೋಗಬೇಕು.

ಟಪಾಲಿನ ಬಗ್ಗೆ ಅವರಿಗೆ ಬೇಸರವಿರಲಿಲ್ಲ, ಅಲ್ಲಿಯೂ ಎಣಿಸಬಹುದು. ಚಿಂತೆ ಇದ್ದದ್ದು ಮೀನಿನದು. ಒಂಬತ್ತು ಹೊಂಡಗಳಲ್ಲಿ ಮೂರಕ್ಕೆ ಅವರು ಉಗುರಿನಷ್ಟು ದೊಡ್ಡ ಮೀನುಗಳನ್ನು ಬಿಟ್ಟಿದ್ದರು. ಎಂಥ ಕೊಳಕು ನೀರಿನಲ್ಲೂ ಬದುಕಿ ಸೊಳ್ಳೆಯ ಮರಿಗಳನ್ನು ತಿನ್ನುವ ಮೀನು. ಮೀನಿರುವ ಹೊಂಡದಲ್ಲಿ ಎಷ್ಟು ಮರಿ, ಮೀನಿಲ್ಲದ್ದರಲ್ಲಿ ಎಷ್ಟು ಎಂದು ವಾರಕ್ಕೊಮ್ಮೆ, ಒಂದು ವಾರವೂ ಬಿಡದೆ, ಎರಡು ವರ್ಷ ಎಣಿಸಿದ್ದರು. ಇನ್ನೂ ಒಂದು ವರ್ಷ ಬೇಕಿತ್ತು. ಒಂದೇ ವರ್ಷ.

ಬೊಮ್ಮಯ್ಯನವರ ಊರು ಕುಮಟಾ ತಾಲೂಕಿನ ಹಿರೇಗುತ್ತಿ. ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ ಊರಿಗೆ ಬಂದಾಗ, ಇವ ಮಾಸ್ತರನಾಗುತ್ತಾನೆಂದು ಮನೆಯವರು, ಮಾಮಲೇದಾರನಾಗುತ್ತಾನೆಂದು ನೆರೆಯವರು ತಿಳಿದಿದ್ದರು. ಬೊಮ್ಮಯ್ಯನವರೋ ಬಿಳಿ ಎನಾಮಲಿನ ಒಂದು ಸೌಟು ಹಿಡಿದುಕೊಂಡು ಕಂಡವರ ಹಿತ್ತಲ ಬಾನಿ, ಬಾವಿ, ಬಚ್ಚಲ ಗುಂಡಿಗಳಲ್ಲಿ ಸೊಳ್ಳೆ ಮರಿ ಎಣಿಸುವ ಕೆಲಸಕ್ಕೆ ಸೇರಿದರು. ತೆಳ್ಳನೆಯ ಆಳು. ಕಂಕುಳಲ್ಲಿ ಕೊಡೆ, ಕೈಯಲ್ಲಿ ಸೌಟು. ಮಾತು ಬಹಳ ನಿಧಾನ. ಒಂದು ವಾಕ್ಯವನ್ನು ಅರ್ಧ ಆಡಿ, ಉಳಿದರ್ಧ ಸರಿಯೇ ಎಂದು ಯೋಚಿಸಿ, ಸರಿ ಅನಿಸದಿದ್ದರೆ ಅಲ್ಲಿಗೇ ಬಿಡುತ್ತಿದ್ದರು. ಮಾತಿನ ನಡುವೆ ಎದ್ದು ಹೋಗುವ ಚಾಳಿಯೂ ಇತ್ತು. ಹೆಣ್ಣು ನೋಡಲು ಹೋದ ದಿನ, ಮಾವನಾಗುವವರು ತಮ್ಮ ಗದ್ದೆಗಳ ವರ್ಣನೆಯಲ್ಲಿ ಇನ್ನೂ ಮೂರನೆಯ ಗದ್ದೆಗೆ ಬಂದಿದ್ದಾಗ ಇವರೆದ್ದು ಹಿತ್ತಲ ಮಡಕೆಯೊಳಗೆ ಇಣುಕಲು ಹೋದರು. ಬಾಗಿಲ ಸಂದಿಯಿಂದ ಅದನ್ನು ಕಂಡು ಗಣಪಿ ನಕ್ಕಳು. ಆ ನಗುವನ್ನೇ ಒಪ್ಪಿಗೆ ಎಂದು ಹಿರಿಯರು ಹಿಡಿದರು. ಮದುವೆಯಾದ ಮೇಲೆ ಅವಳು ಹಾಕಿದ್ದು ಒಂದೇ ಕರಾರು: "ಆ ಸೌಟು ಅಡುಗೆಮನೆ ಹೊಸ್ತಿಲು ದಾಟ್ತೋ, ನಾನು ಹೊರಗಿನ ಹೊಸ್ತಿಲು ದಾಟ್ತೆ."

ಈಗ ಅವರ ಹೆಸರಿನ ವಿಷಯ. ಹೊನ್ನಾವರದಲ್ಲಿ ಕಣ್ಣು ಮುಚ್ಚಿ ಕಲ್ಲೆಸೆದರೂ ಅದು ಯಾರಾದರೊಬ್ಬ ನಾಯ್ಕರದೋ ನಾಯಕರದೋ ಹಂಚಿನ ಮೇಲೆಯೇ ಬೀಳುತ್ತದೆ. ಇವರು ಕೆಲಸಕ್ಕೆ ಸೇರಿದಾಗ ಕಚೇರಿಯಲ್ಲಿ ಆಗಲೇ ಮೂವರು ಇದ್ದರು. ನಾಲ್ಕನೆಯವರನ್ನು ಹೇಗೆ ಕರೆಯುವುದೆಂದು ತಲೆ ಕೆರೆದುಕೊಂಡ ಹೆಡ್ ಕ್ಲಾರ್ಕು ಹಾಜರಿ ಪುಸ್ತಕದಲ್ಲಿ ಊರ ಹೆಸರು ಸೇರಿಸಿ 'ಬಿ. ಹಿರೇಗುತ್ತಿ' ಎಂದು ಬರೆದ. ಅದೇ ನಡೆಯಿತು. ಅಷ್ಟರಲ್ಲಿ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಕಾಗದಪತ್ರಗಳೆಲ್ಲ ಮುಂಬಯಿಯಿಂದ ಬೆಂಗಳೂರಿಗೆ ಹೋಗಿ, ಅಲ್ಲಿ ನಾಲ್ಕು ವರ್ಷ ವಿಶ್ರಾಂತಿ ಪಡೆದು ತಿರುಗಿ ಬಂದಾಗ, ಶಾಲೆಯ ಸರ್ಟಿಫಿಕೇಟಿನಲ್ಲಿ ಇದ್ದಂತೆ ಅವರು 'ಬಿ. ನಾಯಕ' ಆಗಿದ್ದರು. ಅವರಿಗೇನೂ ಅನಿಸಲಿಲ್ಲ. ನಮ್ಮ ಕಡೆ ಒಂದೇ ಮನೆಯಲ್ಲಿ ಅಣ್ಣ ನಾಯಕ, ತಮ್ಮ ಗಾಂವಕರ, ಮುಂಬಯಿಗೆ ಹೋದವನು ಊರ ಹೆಸರಿನವನು. ಶ್ರಾದ್ಧಕ್ಕೆ ಎಲ್ಲರೂ ಒಂದೇ ಎಡೆಯ ಮುಂದೆ ಕೂಡುತ್ತಾರೆ.

ಆದರೆ ಲೋಕಕ್ಕೆ ಅದು ತಿಳಿಯಬೇಕಲ್ಲ.

1957ರಿಂದ ಒಂದೂವರೆ ವರ್ಷ ಅವರು ಪ್ರತಿ ಮಂಗಳವಾರ ಬೆಳಿಗ್ಗೆ ಹೊಂಡಗಳಿಗೆ ಹೋಗಿ ಸೌಟು ಇಳಿಸಿದರು. ಹತ್ತು ಸೌಟು ನೀರಿಗೆ ಒಂದು ಮರಿ ಸಿಕ್ಕರೆ ಹೆಚ್ಚು. ಸುತ್ತಲಿನ ಮನೆಗಳಲ್ಲಿ ಸೊಳ್ಳೆಗಳು ಸಂಜೆ ದೀಪವನ್ನೇ ಮುಚ್ಚಿಬಿಡುತ್ತಿದ್ದವು. ಹೊಂಡದ ನೀರು ಮಾತ್ರ ತೀರ್ಥದ ಹಾಗೆ ನಿರ್ಮಲ. ಕೊಳೆತ ಸಿಪ್ಪೆಯ ನೀರು ಸೊಳ್ಳೆಗೆ ಆಗುವುದಿಲ್ಲ, ಹೊಂಡಗಳು ನಿರಪರಾಧಿ ಎಂದು ಅವರು ಬರೆದರು. ಮಂಗಳವಾರಗಳಂದು ಕೊಡತಿಯ ಸದ್ದು ಅರ್ಧ ಗಂಟೆ ತಡವಾಗಿ ಶುರುವಾಗುತ್ತದೆ, ಬಹುಶಃ ಅದು ದೇವಿಯ ವಾರವಾದ್ದರಿಂದ ಎಂದು ಅಡಿಟಿಪ್ಪಣಿಯೊಂದನ್ನೂ ಹಾಕಿದರು. ಕಂಡದ್ದನ್ನು ಬಿಟ್ಟು ಅಭ್ಯಾಸವಿರಲಿಲ್ಲ. 1959ರಲ್ಲಿ ಒಂದು ವೈದ್ಯಕೀಯ ಪತ್ರಿಕೆ ಅದನ್ನು ಅಚ್ಚು ಹಾಕಿತು. ನಾಲ್ಕು ಪುಟ. ಲೇಖಕ: ಬಿ. ಹಿರೇಗುತ್ತಿ.

ಎರಡು ವರ್ಷದ ಮೇಲೆ ಒಂದು ಮಂಗಳವಾರ ಅವರು ಹೊಂಡದ ದಂಡೆಯಲ್ಲಿ ಕೊಡೆ ಮರೆತರು. ಮರುದಿನ ತಂಗಿಯ ಮದುವೆಗೆಂದು ಊರಿಗೆ ಹೋಗಿ, ಸೋಮವಾರ ತಿರುಗಿ ಬಂದು, ಕೊಡೆ ತರಲು ಹೊಂಡಕ್ಕೆ ಇಳಿದರು. ನೀರು ಕಪ್ಪಗಿತ್ತು. ಕಪ್ಪು ಮಿಸುಕುತ್ತಿತ್ತು. ಕೈಯಲ್ಲಿ ಸೌಟಿರಲಿಲ್ಲ. ದಂಡೆಯ ಮೇಲಿದ್ದ ತೆಂಗಿನ ಕರಟದಲ್ಲಿ ಒಂದು ಸಲ ಮೊಗೆದು ಎಣಿಸಿದರು. ನಲವತ್ತೆರಡು ಮರಿ.

ಸಿಪ್ಪೆ ಬಡಿಯುವ ಹೆಂಗಸರಲ್ಲಿ ಹಿರಿಯಳು ಸಣ್ಣಮ್ಮ. ಅವಳ ಎಡಗಾಲು ಬಲಗಾಲಿಗಿಂತ ಕೊಂಚ ದಪ್ಪ. ಸೀರೆಯ ಅಂಚನ್ನು ಎಡಗಡೆ ತುಸು ಇಳಿಸಿ ಉಡುತ್ತಿದ್ದಳು. ಬೊಮ್ಮಯ್ಯನವರು ಅದನ್ನು ಮೊದಲ ದಿನವೇ ಕಂಡಿದ್ದರು, ಕಂಡೆನೆಂದು ಎಂದೂ ತೋರಿಸಿರಲಿಲ್ಲ. ವರ್ಷಕ್ಕೊಮ್ಮೆ ಗುಳಿಗೆ ಕೊಡುವಾಗ ಎಲ್ಲರಿಗೂ ಕೊಟ್ಟ ಹಾಗೆ ಅವಳಿಗೂ ಕೊಡುತ್ತಿದ್ದರು, ಅಷ್ಟೆ.

"ಸಣ್ಣಮ್ಮಾ, ಇದೆಂತ ಇದು?"

"ಎಂತ ಅಂದ್ರೆ? ನೀರು."

"ನೀರಲ್ಲಿ?"

"ಹುಳ. ಸಿಪ್ಪೆ ಹೊಂಡದಲ್ಲಿ ಹುಳ ಇಲ್ದೆ ಮುತ್ತು ಇರ್ತದಾ?"

"ಮಂಗಳವಾರ ಇರೂದಿಲ್ಲಲ್ಲ!"

"ಮಂಗಳವಾರ ಹೆಂಗೆ ಇರ್ತದೆ? ಮಂಗಳವಾರ ನೀವು ಬರ್ತೀರಿ. ಅದ್ಕೇ ನಾವು ನೀವು ಬರೂದ್ರೊಳಗೆ ಹಳೆ ಸೀರೆ ಎರಡೂ ತುದಿ ಹಿಡ್ಕಂಡು ಹೊಂಡ ಸೋಸಿ ಇಡ್ತೇವೆ."

"ಎಂತಕ್ಕೆ?"

"ಕೇಳೂದು ನೋಡು! ಸರಕಾರದವ್ರು ಬರುವಾಗ ಹುಳ ಬಿದ್ದ ನೀರು ತೋರ್ಸುಕೆ ಆಗ್ತದ್ಯಾ? ಮನೆಗೆ ನೆಂಟ್ರು ಬಂದ್ರೆ ಅಂಗಳ ಸಾರ್ಸೂದಿಲ್ವಾ? ನೀವೂ ಸೌಟಲ್ಲಿ ತೆಗ್ದು ತೆಗ್ದು ನೋಡಿ, ಎಂತದೂ ಕಾಣ್ದೆ, ಖುಷಿಯಲ್ಲಿ ಪುಸ್ತಕದಲ್ಲಿ ಬರ್ಕಂಡು ಹೋಗ್ತಿದ್ರಿ. ನಮಗೂ ಸಮಾಧಾನ."

ಬೊಮ್ಮಯ್ಯನವರು ಕರಟವನ್ನು ನಿಧಾನವಾಗಿ ಕೆಳಗಿಟ್ಟರು. ಒಂದೂವರೆ ವರ್ಷದ ಮಂಗಳವಾರಗಳು ಒಂದೊಂದಾಗಿ ಆ ಕಪ್ಪು ನೀರಿನಲ್ಲಿ ಮುಳುಗುವುದನ್ನು ನೋಡುತ್ತ ನಿಂತರು.

"ಇನ್ನು ಮೇಲೆ ಸೋಸ್ಬೇಡಿ," ಎಂದರು ಕೊನೆಗೆ. ಸಿಟ್ಟು ಮಾಡಲು ಪ್ರಯತ್ನಿಸಿದರು, ಬರಲಿಲ್ಲ.

"ಆತು. ನಿಮಗೆ ಸೋಸೂದಿಲ್ಲ. ನೀವೀಗ ಮನೆಯವ್ರ ಹಂಗೇ ಆದ್ರಿ. ಹೊರಗಿನವ್ರು ಯಾರಾದ್ರೂ ಬಂದ್ರೆ ಮಾತ್ರ ಹೇಳಿ."

ಮುಂದೆ ಒಂದು ವರ್ಷ ಅವರು ವಾರ ಹೇಳದೆ, ಹೊತ್ತು ಹೇಳದೆ ಹೋಗಿ ಎಣಿಸಿದರು. 1962ರಲ್ಲಿ ಎರಡನೆಯ ಲೇಖನ ಬಂತು. ಐದು ಪುಟ. ಹೊಂಡಗಳೇ ಅಪರಾಧಿ. 'ಹಿರೇಗುತ್ತಿ (1959) ಹೇಳಿದ್ದು ತಪ್ಪು. ಅವರು ಎಣಿಸಿದ ದಿನಗಳಂದು ಹೊಂಡಗಳನ್ನು ಮೊದಲೇ ಶುಚಿ ಮಾಡಲಾಗಿತ್ತು' ಎಂದು ಸ್ಪಷ್ಟವಾಗಿ ಬರೆದರು. ವಿಜ್ಞಾನದ ಲೇಖನದಲ್ಲಿ 'ನಾನು' ಎನ್ನುವುದು ಜಂಬವೆಂದು ಅವರ ನಂಬಿಕೆ. ಲೇಖಕ: ಬಿ. ನಾಯಕ.

ಹೀಗೆ ಹೊನ್ನಾವರದಲ್ಲಿ ಒಬ್ಬರನ್ನೊಬ್ಬರು ಒಪ್ಪದ ಇಬ್ಬರು ವಿದ್ವಾಂಸರು ಹುಟ್ಟಿಕೊಂಡರು.

ಇದರ ಮೊದಲ ಸುದ್ದಿ ತಂದವನು ಪೋಸ್ಟಿನ ದೇವು. ಆ ಕಾಲಕ್ಕೆ ಯಾರದಾದರೂ ಲೇಖನ ಬೇಕಾದರೆ ವಿದ್ವಾಂಸರು ಬರೆದವರಿಗೇ ಒಂದು ಕಾರ್ಡು ಹಾಕುತ್ತಿದ್ದರು: ದಯವಿಟ್ಟು ಒಂದು ಪ್ರತಿ ಕಳಿಸಿ. ಸಿಲೋನಿನಿಂದ, ಲಂಡನ್ನಿನಿಂದ, ಬ್ರೆಜಿಲ್ಲಿನಿಂದ ಕಾರ್ಡುಗಳು ಬರತೊಡಗಿದವು. ಕೆಲವು ಡಾಕ್ಟರ್ ಹಿರೇಗುತ್ತಿಗೆ, ಕೆಲವು ಡಾಕ್ಟರ್ ನಾಯಕರಿಗೆ. ಡಾಕ್ಟರ್ ಪದವಿ ಕೊಟ್ಟದ್ದು ಬ್ರೆಜಿಲ್ಲಿನವರು. ಹೊನ್ನಾವರ ಅದರ ಹೊಣೆ ಹೊರಲಿಲ್ಲ. ಬೊಮ್ಮಯ್ಯನವರು ಗೋಡೆಯ ಮೇಲೆ ಕೊಕ್ಕೆಯ ತಂತಿಗಳೆರಡನ್ನು ತೂಗುಹಾಕಿ, ಎಡದ್ದಕ್ಕೆ ಹಿರೇಗುತ್ತಿಯ ಕಾರ್ಡು, ಬಲದ್ದಕ್ಕೆ ನಾಯಕರ ಕಾರ್ಡು ಚುಚ್ಚುತ್ತಿದ್ದರು. ದೇವು ಬಂದಾಗಲೆಲ್ಲ ಬೆರಳಿಟ್ಟು ಅಳೆಯುತ್ತಿದ್ದ.

"ಬೊಮ್ಮಣ್ಣಾ, ಹಿರೇಗುತ್ತಿಯವ್ರದು ಎರಡು ಬೆರಳು ಆತು. ನಾಯಕರದು ಇನ್ನೂ ಉಗುರು ದಪ್ಪ. ತಪ್ಪು ಬರ್ದವ್ರಿಗೇ ಟಪಾಲು ಜಾಸ್ತಿ ಅಲ್ಲವಾ?"

"ಸರಿಯಾದ್ದಕ್ಕೆ ಯಾರು ಉತ್ತರ ಬರೀತಾರೆ ದೇವು? ಓದಿ, ಸರಿ ಅಂದು, ಪುಸ್ತಕ ಮುಚ್ತಾರೆ."

"ಹಂಗಾರೆ ಇನ್ನೊಂದು ತಪ್ಪು ಬರೀರಿ. ನಂಗೂ ಸ್ಟಾಂಪು ಆಗ್ತದೆ."

ಲಂಡನ್ನಿನ ಪ್ರಾಧ್ಯಾಪಕರೊಬ್ಬರು ಅಚ್ಚಿನಲ್ಲೇ ವಿಷಾದ ತೋರಿಸಿದ್ದರು: ಒಂದೇ ಸಣ್ಣ ಊರಿನ ಹಿರೇಗುತ್ತಿ ಮತ್ತು ನಾಯಕರು ಒಮ್ಮೆ ಒಟ್ಟಿಗೆ ಕೂತು ಚಹಾ ಕುಡಿದರೆ ಈ ವಾದ ಮುಗಿದೀತು. ಅದನ್ನು ಓದಿ ಹೇಳಿದ ದಿನ ಗಣಪಿ ಎರಡು ಲೋಟ ಚಹಾ ತಂದು ಗಂಡನ ಮುಂದಿಟ್ಟು ಹೋಗಿದ್ದಳು. ಅವರು ಎರಡನ್ನೂ ಕುಡಿದರು.

ಡಾಕ್ಟರ್ ಕಮಲಾಕರರು ಹತ್ತು ಗಂಟೆಗೆ ಮಾಳಿಗೆಯ ಮೆಟ್ಟಿಲು ಹತ್ತಿದರು. ದುಂಡು ಮುಖ, ತಲೆಗೆ ಸೋಲಾ ಟೋಪಿ, ಕೈಯಲ್ಲಿ ತಾವೇ ಗೆರೆ ಎಳೆದ ಉದ್ದದ ಕೋಷ್ಟಕ. ಸಜ್ಜನರು. ಅಂಕಿಗಳ ಮೇಲೆ ಮಾತ್ರ ಅವರಿಗೆ, ಕೆಲವರಿಗೆ ಹಪ್ಪಳದ ಮೇಲಿರುವಂಥ ಆಸೆ. ಒಂದು ಸಿಕ್ಕರೆ ಇನ್ನೊಂದು ಬೇಕು. ಕುರ್ಚಿಯಲ್ಲಿ ಕೂತು ಎಳನೀರು ಕುಡಿದು, ಹೊಸ ವಿದ್ಯೆಯನ್ನು ವಿವರಿಸಿದರು.

"ಅಮೆರಿಕದಿಂದ ಒಂದು ಪುಸ್ತಕ ಬರುತ್ತಿದೆ ನಾಯಕರೇ. ಇಷ್ಟು ದಪ್ಪ. ಯಾರು ಯಾರನ್ನು ಯಾವ ಲೇಖನದಲ್ಲಿ ಹೆಸರಿಸಿದರು ಅಂತ ಪೂರಾ ಪಟ್ಟಿ. ಹೆಸರು ಹುಡುಕಿದರೆ ಸಾಕು, ಮನುಷ್ಯನ ತೂಕ ಗೊತ್ತಾಗಿಬಿಡುತ್ತದೆ. ಮೂರು ದಿನ ಗ್ರಂಥಾಲಯದಲ್ಲಿ ಕೂತು ನಿಮ್ಮೆಲ್ಲರದೂ ಬರೆದುಕೊಂಡು ಬಂದಿದ್ದೇನೆ."

"ಹೌದಾ," ಎಂದರು ಬೊಮ್ಮಯ್ಯನವರು.

"ಕುಮಟೆ, ಸೊನ್ನೆ. ಅಲ್ಲಿಯವರು ಕಪಾಟು ಮಾತ್ರ ಚೆನ್ನಾಗಿ ಮಾಡಿಸಿದ್ದಾರಂತೆ. ಭಟ್ಕಳ, ಒಂದು ಲೇಖನ, ಐದು ಸಲ ಹೆಸರು. ನೀವು..." ಅವರು ದನಿ ತಗ್ಗಿಸಿದರು. "ಒಂದು ಲೇಖನ, ಮೂರು ಸಲ."

ಕೆಳಗೆ ಕೊಡತಿಗಳು ಬಡಿಯುತ್ತಲೇ ಇದ್ದವು.

"ನನಗೂ ಬೇಸರವೇ," ಕಮಲಾಕರರು ಹೇಳಿದರು. "ನಿಮ್ಮ ಲೇಖನ ಓದಿದ್ದೇನೆ. ಬಂಗಾರದಂಥದ್ದು. ಆದರೆ ನಿಯಮ ನಿಯಮವೇ, ಐದು ಮೂರಕ್ಕಿಂತ ಹೆಚ್ಚು. ನೋಡಿ, ನಿಮ್ಮ ಮೊದಲು ಇಲ್ಲಿ ಇನ್ನೊಬ್ಬರಿದ್ದರಲ್ಲ, ಹಿರೇಗುತ್ತಿ ಅಂತ? ನೀವು ಬೈದದ್ದನ್ನು ಬಿಟ್ಟೂ ಅವರಿಗೆ ಹನ್ನೊಂದು! ಅವರು ಇದ್ದಿದ್ದರೆ ಹೊನ್ನಾವರವೇ ಉಳಿಯುತ್ತಿತ್ತು. ತಮಾಷೆ ಅಂದರೆ, ಆ ಮನುಷ್ಯ ಬರೆದದ್ದು ಶುದ್ಧ ತಪ್ಪು. ಹೊಂಡಗಳಲ್ಲಿ ಸೊಳ್ಳೆಯೇ ಇಲ್ಲವಂತೆ! ಅಡಿಟಿಪ್ಪಣಿಯಲ್ಲಿ ದೇವಿಯ ವಾರವಂತೆ! ಆ ಹನ್ನೊಂದರಲ್ಲಿ ಒಂದು ನನ್ನದೇ. ಎರಡು ಪುಟ ಚೆನ್ನಾಗಿ ಜಾಡಿಸಿದ್ದೇನೆ. ನಿಮ್ಮ ಹತ್ತಿರ ಹೇಳಲಿಕ್ಕೇನು, ಆ ಲೇಖನದ ಮೇಲೆಯೇ ನನಗೆ ಬಡ್ತಿ ಸಿಕ್ಕಿತು."

"ಓದಿದ್ದೇನೆ," ಎಂದರು ಬೊಮ್ಮಯ್ಯನವರು. "ಎರಡನೇ ಪುಟ ಹೆಚ್ಚು ಚೆನ್ನಾಗಿದೆ."

ಅಷ್ಟರಲ್ಲಿ ದೇವು ಮೆಟ್ಟಿಲು ಹತ್ತಿ ಬಂದ. ಬಾಗಿಲಲ್ಲೇ ಕೊನೆಯ ಮಾತು ಅವನ ಕಿವಿಗೆ ಬಿದ್ದಿತ್ತು. ದೇವುವಿನ ಬಾಯಿ ಹೊನ್ನಾವರದಲ್ಲಿ ಹೆಸರಾದದ್ದು. ಇವತ್ತು ಅದು ತೆರೆಯಲಿಲ್ಲ. ಚೀಲದಿಂದ ವಿದೇಶದ ಒಂದು ಕಾರ್ಡು ತೆಗೆದು, ವಿಳಾಸ ಮೇಲಾಗಿ, ಸಾಹೇಬರ ಮತ್ತು ಬೊಮ್ಮಯ್ಯನವರ ನಡುವೆ ಮೇಜಿನ ಮೇಲಿಟ್ಟು, ಬಾಗಿಲಿಗೆ ಒರಗಿ ನಿಂತ.

ಕಮಲಾಕರರು ಕನ್ನಡಕ ಸರಿಮಾಡಿಕೊಂಡು ಓದಿದರು. "ಡಾಕ್ಟರ್ ಬಿ. ಹಿರೇಗುತ್ತಿ. ಓ, ಅವರ ಟಪಾಲು ಇನ್ನೂ ಇಲ್ಲಿಗೇ ಬರುತ್ತಿದೆಯೇ? ಅವರು ಈಗ ಎಲ್ಲಿದ್ದಾರೆ?"

ಬೊಮ್ಮಯ್ಯನವರು ಕಾರ್ಡನ್ನು ಕೈಗೆತ್ತಿಕೊಂಡರು. ಗೋಡೆಯ ಮೇಲಿನ ಎರಡು ತಂತಿಗಳನ್ನು ನೋಡಿದರು. ತೆಂಗಿನ ಸಾಲಿನಾಚೆಯ ಮೂರು ಹೊಂಡಗಳು, ಅವುಗಳೊಳಗಿನ ಉಗುರಿನಷ್ಟು ಮೀನುಗಳು, ಇನ್ನುಳಿದ ಒಂದು ವರ್ಷ. ಆಮೇಲೆ ಎದ್ದು ಹೋಗಿ ಕಾರ್ಡನ್ನು ಎಡದ ತಂತಿಗೆ ಚುಚ್ಚಿದರು.

"ಅವನೆಲ್ಲೂ ಹೋಗಲಿಲ್ಲ," ಎಂದರು. "ನಿಮ್ಮೆದುರಿಗೇ ಇದ್ದಾನೆ. ಮೊದಲು ಹಾಜರಿ ಪುಸ್ತಕದಲ್ಲಿ ಹಿರೇಗುತ್ತಿ ಅಂತ ಇತ್ತು. ಆಮೇಲೆ ನಾಯಕ ಅಂತ ಆತು."

ಕಮಲಾಕರರ ಮುಖ ಮೊದಲು ಕೆಂಪಾಯಿತು, ಆಮೇಲೆ ಬೆಳ್ಳಗಾಯಿತು. ಎಳನೀರಿನ ಬೊಂಡ ಬರಿದಾಗಿತ್ತು, ಆದರೂ ಒಮ್ಮೆ ಎತ್ತಿ ಕುಡಿದರು.

"ಅಂದರೆ ನಾನು ಜಾಡಿಸಿದ್ದು..."

"ನನ್ನನ್ನೇ. ಜಾಡಿಸಿದ್ದು ಸರಿಯಾಗಿಯೇ ಇತ್ತು. ನಾನೂ ಜಾಡಿಸಿದ್ದೇನಲ್ಲ, ಐದು ಪುಟ."

ಬಾಗಿಲಲ್ಲಿ ದೇವು ಕೆಮ್ಮಿದ. ಕಮಲಾಕರರು ಸ್ವಲ್ಪ ಹೊತ್ತು ಕೋಷ್ಟಕವನ್ನೇ ದಿಟ್ಟಿಸಿದರು. ನಿಧಾನವಾಗಿ ಅವರ ಮುಖದ ಮೇಲೆ, ಹಪ್ಪಳದ ಡಬ್ಬಿಯ ತಳದಲ್ಲಿ ಇನ್ನೂ ಹನ್ನೊಂದು ಹಪ್ಪಳ ಕಂಡವರ ಕಳೆ ಮೂಡಿತು.

"ಹಾಗಾದರೆ ಹನ್ನೊಂದು ಮತ್ತು ಮೂರು, ಹದಿನಾಲ್ಕು! ನಾಯಕರೇ, ಭಟ್ಕಳ ಎಲ್ಲಿ, ನೀವೆಲ್ಲಿ! ಹಾಜರಿ ಪುಸ್ತಕದ ಒಂದು ನಕಲು ಕೊಡಿ. ಕೋಣೆ ಉಳಿಯಿತು ಅಂತಲೇ ತಿಳಿಯಿರಿ."

"ಅದು ಹಾಗಾಗುವುದಿಲ್ಲ ಸಾಹೇಬರೆ."

"ಏಕೆ?"

"ಹೊಗಳಿದ್ದು ಮೂರು. ಬೈದದ್ದು ಹನ್ನೊಂದು. ಕೂಡಿಸಲಿಕ್ಕಿಲ್ಲ. ಕಳೆಯಬೇಕು. ಮೂರರಲ್ಲಿ ಹನ್ನೊಂದು ಕಳೆದರೆ..." ಬೊಮ್ಮಯ್ಯನವರು ನಿಜವಾಗಿಯೂ ಲೆಕ್ಕ ಹಾಕಿದರು. "ಸೊನ್ನೆಗಿಂತ ಎಂಟು ಕಡಿಮೆ. ಕುಮಟೆಗೆ ನಮಗಿಂತ ಎಂಟು ಹೆಚ್ಚು."

"ಅಯ್ಯೋ! ಆ ಪುಸ್ತಕಕ್ಕೆ ಹೊಗಳಿಕೆ, ಬೈಗುಳ ಅಂತ ಭೇದವಿಲ್ಲ. ಹೆಸರು ತೆಗೆದರೋ ಇಲ್ಲವೋ, ಅಷ್ಟೇ."

"ಅದು ಪುಸ್ತಕದ ತಪ್ಪು. ನಾನು ತಪ್ಪು ಎಣಿಸಿದ್ದು ಒಂದು ಸಲ ಸಾಕು."

ಇಷ್ಟು ಹೊತ್ತು ತಡೆದದ್ದು ದೇವುವಿಗೆ ಇನ್ನು ತಡೆಯಲಾಗಲಿಲ್ಲ.

"ಬೊಮ್ಮಣ್ಣಾ, ಎಂತ ಮಾರಾಯ್ರೆ ನೀವು! ಬೈಯುಕಾದ್ರೂ ಹೆಸರು ಹೇಳೇ ಬೈಬೇಕಲ್ಲ? ನಿಮ್ಮ ತಪ್ಪು ನೋಡ್ಕಂಡು ಹನ್ನೊಂದು ಜನ ತಂತಮ್ಮೂರ ಹೊಂಡಕ್ಕೆ ಹೋಗಿ ಎಣಿಸಿ ಬಂದ್ರು. ಮನೇಲಿ ಕೂತವ್ರನ್ನ ಎಬ್ಬಿಸಿ ಹೊಂಡಕ್ಕೆ ಕಳಿಸೂದು ಸಣ್ಣ ಕ್ಯಾಮೆಯಾ? ನಾನು ಇಡೀ ಊರಿಗೆ ಟಪಾಲು ಹಂಚಿ ಇಷ್ಟು ವರ್ಷ ಆತು, ಒಬ್ಬನ್ನೂ ಎಬ್ಬಿಸುಕೆ ಆಗ್ಲಿಲ್ಲ."

"ಸರಿಯಾಗಿ ಹೇಳಿದೆಯಪ್ಪ," ಎಂದರು ಕಮಲಾಕರರು. "ನಾನೂ ಎದ್ದು ಹೋದವನೇ. ಅದಕ್ಕೆ ಮೊದಲು ನಾನು ಸಿಪ್ಪೆಯ ಹೊಂಡ ಕಂಡಿರಲಿಲ್ಲ."

ಬೊಮ್ಮಯ್ಯನವರು ಯೋಚಿಸಿದರು. ಅವರು ಯೋಚಿಸುವಾಗ ಎದುರಿಗಿದ್ದವರು ಒಂದು ವೀಳ್ಯ ಹಾಕಿ ಮುಗಿಸಬಹುದಿತ್ತು. ಮೂಗಿನ ತುದಿ ಕೆರೆದರು. ಕಿಟಕಿಯಾಚೆ ನೋಡಿದರು. ಧಪ್, ಧಪ್, ಧಧಪ್.

"ಹದಿನಾಲ್ಕು ಬರೀರಿ," ಎಂದರು. "ಆದರೆ ಪಕ್ಕದಲ್ಲಿ, ಅದರಲ್ಲಿ ಹನ್ನೊಂದು ಬೈಗುಳ ಅಂತಲೂ ಬರೆಯಬೇಕು. ಹೊಂಡ ಯಾಕೆ ಸ್ವಚ್ಛ ಇತ್ತು ಅಂತಲೂ."

"ಅದಕ್ಕೆ ಕೋಷ್ಟಕದಲ್ಲಿ ಅಂಕಣವಿಲ್ಲವಲ್ಲ."

ಬೊಮ್ಮಯ್ಯನವರು ಅಡಿಪಟ್ಟಿ ತಂದು, ಬೆಂಗಳೂರಿನ ಕೋಷ್ಟಕದ ಅಂಚಿನಲ್ಲಿ, ಹೊನ್ನಾವರದ ಶಾಯಿಯಲ್ಲಿ ನೀಟಾಗಿ ಒಂದು ಗೆರೆ ಎಳೆದು ಅಂಕಣ ಮಾಡಿಕೊಟ್ಟರು. ಕಮಲಾಕರರು ನಕ್ಕುಬಿಟ್ಟರು. ಹದಿನಾಲ್ಕು ಬರೆದರು. ಪಕ್ಕದಲ್ಲಿ ಹನ್ನೊಂದು ಬೈಗುಳ ಎಂದು ಬರೆದು, ಆವರಣದಲ್ಲಿ 'ಒಂದು ನನ್ನದು' ಎಂದು ಸೇರಿಸಿದರು. ಹೊಂಡ ಸೋಸಿದ ಕತೆಯನ್ನು ಕೇಳಿ ಎರಡು ಸಾಲಿನಲ್ಲಿ ಬರೆದುಕೊಂಡರು. ಕೊನೆಗೆ ಮೇಲ್ಗಡೆ ದಪ್ಪ ಅಕ್ಷರದಲ್ಲಿ 'ಹೊನ್ನಾವರ: ಮುಂದುವರಿಸುವುದು' ಎಂದು ಬರೆದು ಅಡಿಗೆರೆ ಎಳೆದರು. ದೇವು ಬಾಗಿಲಿನಿಂದಲೇ ಕತ್ತು ಚಾಚಿ ಓದಿ, ಚೀಲ ಹೆಗಲಿಗೇರಿಸಿಕೊಂಡ. ಮಧ್ಯಾಹ್ನದೊಳಗೆ ಊರಿಗೆಲ್ಲ ಹಂಚಲು ಅವನಿಗೆ ಇವತ್ತು ಟಪಾಲಿಗಿಂತ ಒಳ್ಳೆಯದು ಸಿಕ್ಕಿತ್ತು.

"ಹೊಂಡಗಳನ್ನು ನಾನೂ ನೋಡಬೇಕು ಅಂತ ನಿನ್ನೆಯೇ ಹೇಳಿ ಕಳಿಸಿದ್ದೆ," ಎಂದರು ಕಮಲಾಕರರು, ಪೆನ್ನು ಒರೆಸಿಕೊಳ್ಳುತ್ತ. "ಆ ಹೆಂಗಸರಿಗೆ ಗೊತ್ತಿದೆಯಷ್ಟೆ?"

"ಸಾಹೇಬರು ಬರ್ತಾರೆ ಅಂತ ನಾನೇ ಹೇಳಿ ಬಂದಿದ್ದೆ," ಎಂದ ದೇವು. "ಸಣ್ಣಮ್ಮಕ್ಕ ಭಾರೀ ಖುಷಿಯಾದ್ಳು. ಬೆಂಗಳೂರಿಂದಾ ಅಂತ ಎರಡು ಸಲ ಕೇಳಿದ್ಳು. ಮೆಟ್ಲು ಹತ್ತೂಕೆ ಮುಂಚೆನೂ ಸಾಹೇಬ್ರು ಬಂದ್ರು ಅಂತ ಕೂಗಿ ಹೇಳೇ ಬಂದೆ."

"ಒಳ್ಳೆಯದು. ಹಾಗಾದರೆ ಇನ್ನು ಒಂದೇ ಅಂಕಣ, ಇದು ತುಂಬಿದರೆ ರುಜು ಹಾಕುತ್ತೇನೆ. ನಿಮ್ಮ ಅಭಿಪ್ರಾಯದಲ್ಲಿ, ನೀವು ಬರೆದದ್ದರಲ್ಲಿ ಎಲ್ಲಕ್ಕಿಂತ ಮುಖ್ಯವಾದ ಲೇಖನ ಯಾವುದು? ಮೊದಲನೆಯದೋ, ಎರಡನೆಯದೋ?"

"ಮುಖ್ಯ ಅಂದರೆ..." ಬೊಮ್ಮಯ್ಯನವರು ಶುರುಮಾಡಿ, ಎಂದಿನಂತೆ ನಿಲ್ಲಿಸಿದರು. ಕಮಲಾಕರರು ಪೆನ್ನು ಕಾಗದಕ್ಕೆ ತಾಗಿಸಿ ಕಾದರು. "ಮುಖ್ಯ ಅಂದರೆ, ನನಗೆ ಅನಿಸುವುದು, ಇನ್ನೂ..."

ಕೆಳಗೆ ಒಂದು ಕೊಡತಿ ನಿಂತಿತು. ಮತ್ತೊಂದು ನಿಂತಿತು. ಆಮೇಲೆ ಆರೂ ನಿಂತವು.

ಬೊಮ್ಮಯ್ಯನವರ ಬಾಯಿ ತೆರೆದೇ ಇತ್ತು. ತೆಂಗಿನ ಸಾಲಿನ ಆಚೆಯಿಂದ, "ಗಂಗೀ, ಆ ತುದಿ ಗಟ್ಟಿ ಹಿಡಿಯೇ," ಎಂದು ಸಣ್ಣಮ್ಮನ ದನಿ ಕೇಳಿಸಿತು. ಒಂದು ಹಳೆ ಸೀರೆ ನೀರಿಗೆ ಇಳಿಯುವುದು, ಅದರೊಳಗೆ ಎರಡು ವರ್ಷದ ಮೀನುಗಳೆಲ್ಲ ಮಿನುಗುತ್ತ ಮೇಲೇರುವುದು ಅವರ ಕಣ್ಣಿಗೆ ಕಟ್ಟಿತು.

ಅವರು ಗೂಟದಿಂದ ಸೌಟು ಕಿತ್ತುಕೊಂಡು, ಸಾಹೇಬರ ಮೊಣಕಾಲು ದಾಟಿ, ದೇವುವನ್ನು ಬಾಗಿಲಿನಿಂದ ಆಚೆ ಸರಿಸಿ, ಮೆಟ್ಟಿಲಿಳಿದರು.

"ನಾಯಕರೇ!" ಕಮಲಾಕರರು ಕಿಟಕಿಗೆ ಬಂದು, ಕೋಷ್ಟಕ ಬೀಸುತ್ತ ಕೂಗಿದರು. "ಯಾವುದು ಅಂತ ಹೇಳಿ ಹೋಗಿ! ನಾಯಕರೇ! ಹಿರೇಗುತ್ತಿಯವರೇ!"

ತೆಂಗಿನ ಸಾಲಿನ ನಡುವೆ ಬಿಳಿ ಸೌಟೊಂದು ಬಿಸಿಲಿಗೆ ಹೊಳೆಯುತ್ತ ಹೊಂಡದ ಕಡೆಗೆ ಓಡುತ್ತಿತ್ತು. ಇಬ್ಬರಲ್ಲಿ ಒಬ್ಬರೂ ತಿರುಗಿ ನೋಡಲಿಲ್ಲ.